ಕರ್ಣಾಟಕದಲ್ಲಿ ಸ್ವಯಂಸೇವೆಯ ಸಂಘಟನೆ: ಹಿಂದೂಸ್ಥಾನೀ ಸೇವಾದಳದ ನಿದರ್ಶನ

ಪರೋಪಕಾರವು ನಮ್ಮ ನಾಡಿಗೆ ಹೊಸದಲ್ಲ. ಕೆರೆಯನ್ನು ಕಟ್ಟಿಸಿದವರ, ಅರವಟ್ಟಿಗೆಯನ್ನು ಇಡಿಸಿದವರ ಹೆಸರುಗಳನ್ನು ನಮ್ಮ ಶಾಸನಗಳು ಆದರದಿಂದ ಉಳಿಸಿಕೊಂಡು ಬಂದಿವೆ. ಆದರೆ ದಾನ ಬೇರೆ, ಸ್ವಯಂಸೇವೆ ಬೇರೆ. ದಾನಿಯು ತನ್ನ ಧನವನ್ನು ಕೊಡುತ್ತಾನೆ. ಸ್ವಯಂಸೇವಕನಾದರೋ ತನ್ನ ಹೊತ್ತನ್ನೂ ಮೈದುಡಿತವನ್ನೂ ಕೊಟ್ಟು, ಅಪರಿಚಿತರೊಡನೆ ಕೂಡಿ, ಒಂದು ನಿಯಮಕ್ಕೆ ಒಳಪಟ್ಟು ದುಡಿಯುತ್ತಾನೆ. ಈ ಎರಡನೆಯ ಬಗೆಯ ಸೇವೆಯಿಂದ ಸಮಾಜಕ್ಕೆ ಒದಗುವ ಫಲವೇನೆಂಬುದನ್ನು ತಿಳಿಯಲು, ಹುಬ್ಬಳ್ಳಿಯ ನೆಲದಲ್ಲಿ ಬೇರೂರಿದ ಹಿಂದೂಸ್ಥಾನೀ ಸೇವಾದಳದ ಇತಿಹಾಸವನ್ನು ಇಲ್ಲಿ ಸಂಕ್ಷೇಪವಾಗಿ ಪರಿಶೀಲಿಸುತ್ತೇವೆ.

1923ರ ನಾಗಪುರದ ಧ್ವಜ ಸತ್ಯಾಗ್ರಹದಲ್ಲಿ ಸೆರೆಮನೆ ಸೇರಿದವರಲ್ಲಿ ಹಲವರು ಅಲ್ಲಿಯ ಕಷ್ಟವನ್ನು ತಾಳಲಾರದೆ ಕ್ಷಮೆ ಬೇಡಿ ಹೊರಬಂದರು. ಡಾ. ನಾ. ಸು. ಹರ್ಡೀಕರರ ಹುಬ್ಬಳ್ಳಿ ಸೇವಾಮಂಡಲದವರು ಮಾತ್ರ ಜಗ್ಗಲಿಲ್ಲ. ಉತ್ಸಾಹದಲ್ಲಿ ಎಲ್ಲರೂ ಸಮಾನರೇ, ಅಂತರವಿದ್ದುದು ಶಿಕ್ಷಣದಲ್ಲಿ. ಈ ಅನುಭವದ ಫಲವಾಗಿ ಅದೇ ವರ್ಷದ ಡಿಸೆಂಬರಿನಲ್ಲಿ, ಕಾಕಿನಾಡದ ಕಾಂಗ್ರೆಸ್ ಅಧಿವೇಶನದ ಸಂದರ್ಭದಲ್ಲಿ, ಅಖಿಲ ಭಾರತ ವ್ಯಾಪ್ತಿಯ ಸೇವಾದಳವು ರೂಪುಗೊಂಡಿತು. ಜವಾಹರಲಾಲ ನೆಹರೂ ಅವರು ಅದರ ಪ್ರಥಮ ಅಧ್ಯಕ್ಷರಾದರು. ಕವಾಯತು, ಸಮವಸ್ತ್ರಗಳನ್ನು ಕಂಡು, ಅಹಿಂಸೆಯನ್ನು ವ್ರತವಾಗಿ ಹಿಡಿದ ಸಂಸ್ಥೆಯಲ್ಲಿ ಸೈನ್ಯವೊಂದು ಹುಟ್ಟೀತೆಂದು ಶಂಕಿಸಿದ ಕಾಂಗ್ರೆಸ್ಸಿಗರೂ ಇದ್ದರು. ಈ ಶಂಕೆಯನ್ನು ನಾವು ಹಗುರವಾಗಿ ತಳ್ಳಿಹಾಕುವಂತಿಲ್ಲ. ಶಿಸ್ತು ಸೇವೆಗೆ ಸಾಧನವಾಗಿರುವವರೆಗೆ ಮಾತ್ರ ಶ್ರೇಯಸ್ಕರ; ಅದೇ ಗುರಿಯಾದರೆ ಅಪಾಯಕರ.

ದಳದ ಸಾಮರ್ಥ್ಯವು ಪರೀಕ್ಷೆಗೆ ಒಳಗಾದುದು 1924ರ ಡಿಸೆಂಬರಿನಲ್ಲಿ. ಗಾಂಧೀಜಿಯವರು ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನವು ಬೆಳಗಾವಿಯಲ್ಲಿ ನೆರೆಯಿತು. ಗಂಗಾಧರರಾವ್ ದೇಶಪಾಂಡೆಯವರ ನೇತೃತ್ವದಲ್ಲಿ ನಗರದ ಹೊರಗೆ ಬಿಡಾರಗಳ ಊರೊಂದು ಎದ್ದಿತು. ನೀರಿಗಾಗಿ ಬಾವಿಯನ್ನು ತೋಡಲಾಯಿತು. ಬಂದವರನ್ನು ನೋಡಿಕೊಳ್ಳುವ ಹೊಣೆಯೊಡನೆ ಶೌಚ ನೈರ್ಮಲ್ಯದ ಕೆಲಸವನ್ನೂ ಸ್ವಯಂಸೇವಕರು ಕೈಗೊಂಡರು. ಜಾತಿಯೊಂದಕ್ಕೆ ಕಟ್ಟುಬಿದ್ದಿದ್ದ ಕೆಲಸವನ್ನು ಓದುಬರಹ ಬಲ್ಲ ಮೇಲುವರ್ಗದ ತರುಣರು ತಾವಾಗಿ ಮಾಡಿದುದು ಅಂದಿನ ದಿನಗಳಲ್ಲಿ ಸಾಮಾನ್ಯ ಸಂಗತಿಯಲ್ಲ. ಒಂದು ಅಧಿವೇಶನದಿಂದ ಜಾತಿಪದ್ಧತಿ ಅಳಿಯಲಿಲ್ಲವೆಂಬುದು ನಿಜ. ಆದರೆ ಪೊರಕೆ ಹಿಡಿದ ಕೈ ಅದನ್ನು ಸುಲಭವಾಗಿ ಮರೆಯಲಾರದು.

ಇದಕ್ಕಿಂತಲೂ ಗಮನಾರ್ಹವಾದುದು ಮಹಿಳೆಯರ ಪಾತ್ರ. ಚಿಕ್ಕ ವಯಸ್ಸಿನಲ್ಲಿಯೇ ವಿಧವೆಯಾದ ಉಮಾಬಾಯಿ ಕುಂದಾಪುರ ಅವರು ದಳದ ಮಹಿಳಾ ವಿಭಾಗದ ಹೊಣೆ ಹೊತ್ತು, ಬೆಳಗಾವಿಗಾಗಿ ಊರೂರು ತಿರುಗಿ ಸ್ವಯಂಸೇವಕಿಯರನ್ನು ಕಲೆಹಾಕಿದರು. ಅವರಲ್ಲಿ ವಿಧವೆಯರೂ ಇದ್ದರು. ಶುಭಕಾರ್ಯಗಳಿಂದ ಸಮಾಜವು ದೂರವಿರಿಸಿದ್ದವರಿಗೆ ಸಾರ್ವಜನಿಕ ಕಾರ್ಯದಲ್ಲಿ ಸ್ಥಾನ ದೊರೆಯಿತು. 1932ರಲ್ಲಿ ಸರಕಾರವು ದಳವನ್ನು ನಿಷೇಧಿಸಿತು. ಉಮಾಬಾಯಿಯವರು ಯರವಡಾ ಸೆರೆಮನೆಗೆ ಹೋದರು. ಅವರ ಶಾಲೆಗೆ ಬೀಗ ಬಿದ್ದಿತು. ಆದರೂ 1934ರ ಬಿಹಾರದ ಭೂಕಂಪದ ವೇಳೆಗೆ ಅವರು ಸಂತ್ರಸ್ತರ ಸೇವೆಗೆ ಅಷ್ಟು ದೂರ ನಡೆದರು. ಸಂಸ್ಥೆಯನ್ನು ನಿಷೇಧಿಸಬಹುದಾಗಿತ್ತು, ಅದು ಕಲಿಸಿದ ಅಭ್ಯಾಸವನ್ನು ನಿಷೇಧಿಸಲಾಗಲಿಲ್ಲ.

ಆದುದರಿಂದ ಸ್ವಯಂಸೇವೆಯ ಲಾಭವನ್ನು ಕೇವಲ ಮುಗಿದ ಕೆಲಸದಿಂದ ಅಳೆಯುವುದು ಸರಿಯಲ್ಲ. ಅಧಿವೇಶನ ಎರಡು ದಿನಗಳಲ್ಲಿ ಮುಗಿಯಿತು. ಕೂಡಿ ದುಡಿಯಬಲ್ಲ ಜನ ಉಳಿದರು. 1969ರಲ್ಲಿ 37 ವಿಶ್ವವಿದ್ಯಾಲಯಗಳಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯ ಹಿಂದೆಯೂ ಸೇವೆಯೇ ಶಿಕ್ಷಣವೆಂಬ ಈ ತತ್ತ್ವವನ್ನು ಕಾಣಬಹುದು. ಹಾಜರಿ ಮತ್ತು ಪ್ರಮಾಣಪತ್ರಗಳಲ್ಲಿಯೇ ಅದು ಮುಗಿಯದಂತೆ ನೋಡಿಕೊಳ್ಳುವುದು ಅಧ್ಯಾಪಕರಾದ ನಮ್ಮ ಕರ್ತವ್ಯ.

ಕೊನೆಯದಾಗಿ ಒಂದು ಮಾತು. ನಾಯಕರ ಹೆಸರುಗಳು ಗ್ರಂಥಗಳಲ್ಲಿವೆ. ಬೆಳಗಾವಿಯಲ್ಲಿ ನೀರು ಹೊತ್ತವರ, ಕಸ ಗುಡಿಸಿದವರ ಹೆಸರುಗಳು ಬಹುಮಟ್ಟಿಗೆ ಇಲ್ಲ. ಮನೆಗಳ ಹಳೆಯ ಪೆಟ್ಟಿಗೆಗಳಲ್ಲಿ ಉಳಿದಿರಬಹುದಾದ ಪತ್ರಗಳನ್ನೂ ಭಾವಚಿತ್ರಗಳನ್ನೂ ನಮ್ಮ ವಿದ್ಯಾರ್ಥಿಗಳು ತಮ್ಮ ತಮ್ಮ ಊರುಗಳಲ್ಲಿ ಅರಸಿ ಸಂಗ್ರಹಿಸುವುದಾದರೆ, ಅದೂ ಒಂದು ಸ್ವಯಂಸೇವೆಯೇ ಆದೀತು.