ದೊಡ್ಡ ತಳಿಯ ನಾಯಿಮರಿಗಳ ಆಹಾರ: ಪ್ರೋಟೀನ್ ಮತ್ತು ಬೆಳವಣಿಗೆಯ ಹಾರ್ಮೋನಿನ ಬಗ್ಗೆ ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಗ್ರೇಟ್ ಡೇನ್, ಸೇಂಟ್ ಬರ್ನಾರ್ಡ್, ರಾಟ್‌ವೀಲರ್, ಜರ್ಮನ್ ಶೆಫರ್ಡ್, ಲ್ಯಾಬ್ರಡಾರ್ ಮುಂತಾದ ದೊಡ್ಡ ತಳಿಯ ಮರಿಗಳನ್ನು ಸಾಕುವವರಲ್ಲಿ ಎರಡು ತಪ್ಪು ಕಲ್ಪನೆಗಳು ಕಂಡುಬರುತ್ತವೆ. ಪ್ರೋಟೀನ್ ಹೆಚ್ಚಾದರೆ ಮೂಳೆ ಕೆಡುತ್ತದೆ ಎಂಬುದು ಮೊದಲನೆಯದು. ಕ್ಯಾಲ್ಸಿಯಂ ಹೆಚ್ಚು ಕೊಟ್ಟಷ್ಟೂ ಮೂಳೆ ಗಟ್ಟಿಯಾಗುತ್ತದೆ ಎಂಬುದು ಎರಡನೆಯದು. ಇವುಗಳನ್ನು ಅನುಸರಿಸಿದಲ್ಲಿ ಮರಿಯು ಕಾಲು ಸೊಟ್ಟಗಾಗಿ ಅಥವಾ ಕುಂಟುತ್ತಾ ಜೀವನಪರ್ಯಂತ ನೋವು ಅನುಭವಿಸುವ ಸಂಭವವಿರುವುದರಿಂದ ಈ ಮಾಹಿತಿಯನ್ನು ನೀಡಲಾಗಿದೆ.

2. ಬೆಳವಣಿಗೆಯ ಹಾರ್ಮೋನಿನ ಪಾತ್ರ

ಬೆಳವಣಿಗೆಯ ಹಾರ್ಮೋನು ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಲ್ಲಿ ಉತ್ಪತ್ತಿಯಾಗುತ್ತದೆ. ಇದರ ಪ್ರಭಾವದಿಂದ ಯಕೃತ್ತು ಐ.ಜಿ.ಎಫ್-1 ಎಂಬ ಅಂಶವನ್ನು ಸ್ರವಿಸುತ್ತದೆ. ಮೂಳೆಗಳ ತುದಿಯಲ್ಲಿರುವ ಮೃದ್ವಸ್ಥಿಯು ಇವುಗಳ ಪ್ರಚೋದನೆಯಿಂದ ಬೆಳೆಯುತ್ತದೆ. ಗ್ರೇಟ್ ಡೇನ್ ಮರಿಗಳಲ್ಲಿ ಎಳೆಯ ವಯಸ್ಸಿನಲ್ಲಿ ಈ ಹಾರ್ಮೋನಿನ ಪ್ರಮಾಣವು ಬೀಗಲ್ ಮರಿಗಳಿಗಿಂತ ಹೆಚ್ಚಾಗಿದ್ದು, ಹೆಚ್ಚು ಕಾಲ ಮುಂದುವರಿಯುತ್ತದೆ ಎಂದು 2001ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಂಡುಬಂದಿದೆ. ಶೀಘ್ರ ಬೆಳವಣಿಗೆಯು ಈ ತಳಿಗಳಿಗೆ ಹುಟ್ಟಿನಿಂದಲೇ ಬಂದಿರುವ ಗುಣವಾಗಿದೆ. ಆದ್ದರಿಂದ ಬೆಳವಣಿಗೆಯನ್ನು ಮತ್ತಷ್ಟು ತ್ವರಿತಗೊಳಿಸಲು ಚುಚ್ಚುಮದ್ದು ಅಥವಾ ಟಾನಿಕ್ ನೀಡುವ ಅಗತ್ಯವಿರುವುದಿಲ್ಲ.

3. ಪ್ರೋಟೀನ್ ಕಾರಣವೇ?

1974ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ಅಧ್ಯಯನವೊಂದು ಪ್ರಕಟವಾಯಿತು. ಅದರಲ್ಲಿ ಪುಷ್ಟಿಕರ ಆಹಾರವನ್ನು ಮಿತಿಯಿಲ್ಲದೆ ತಿಂದ ಗ್ರೇಟ್ ಡೇನ್ ಮರಿಗಳಲ್ಲಿ ಮೂಳೆಯ ವಿಕಾರಗಳು ಹೆಚ್ಚಾಗಿ ಕಂಡುಬಂದವು. ಆದರೆ ಆ ಆಹಾರದಲ್ಲಿ ಪ್ರೋಟೀನ್ ಮಾತ್ರವಲ್ಲದೆ ಶಕ್ತಿ, ಕ್ಯಾಲ್ಸಿಯಂ ಹಾಗೂ ರಂಜಕಗಳೂ ಅಧಿಕವಾಗಿದ್ದುದರಿಂದ ದೋಷವು ಯಾವುದರದೆಂದು ಅದರಿಂದ ತಿಳಿಯುವಂತಿರಲಿಲ್ಲ.

1991ರಲ್ಲಿ ನೆದರ್ಲೆಂಡ್ಸ್‌ನ ಸಂಶೋಧಕರು ಪ್ರಕಟಿಸಿದ ಅಧ್ಯಯನದಲ್ಲಿ ಗ್ರೇಟ್ ಡೇನ್ ಮರಿಗಳಿಗೆ ಸುಮಾರು ಶೇ. 15, 23 ಮತ್ತು 32ರಷ್ಟು ಪ್ರೋಟೀನ್ ಇರುವ ಮೂರು ಬಗೆಯ ಆಹಾರ ನೀಡಲಾಯಿತು. ಹೆಚ್ಚಿನ ಪ್ರೋಟೀನಿನಿಂದ ಮೂಳೆಗಳ ಬೆಳವಣಿಗೆಗೆ ಹಾನಿಯಾಗಲಿಲ್ಲ. ಕಡಿಮೆ ಪ್ರೋಟೀನ್ ಪಡೆದ ಮರಿಗಳ ತೂಕ ಹಾಗೂ ರಕ್ತದಲ್ಲಿನ ಆಲ್ಬುಮಿನ್ ಕಡಿಮೆಯಾಗಿತ್ತು. ಆದಕಾರಣ ಮರಿಗೆ ಪ್ರೋಟೀನ್ ಕಡಿತಗೊಳಿಸುವುದು ಸೂಕ್ತವಲ್ಲ.

4. ನಿಜವಾದ ಕಾರಣಗಳು

(ಅ) ಅಧಿಕ ಆಹಾರ: ಅಗತ್ಯಕ್ಕಿಂತ ಹೆಚ್ಚು ತಿಂದ ಮರಿಯ ತೂಕವು ಶೀಘ್ರವಾಗಿ ಏರಿ, ಇನ್ನೂ ಎಳೆಯದಾದ ಮೂಳೆ ಮತ್ತು ಕೀಲುಗಳ ಮೇಲೆ ಭಾರ ಬೀಳುತ್ತದೆ. 48 ಲ್ಯಾಬ್ರಡಾರ್ ಮರಿಗಳನ್ನು ಜೋಡಿಗಳಾಗಿ ವಿಂಗಡಿಸಿ ನಡೆಸಿದ ಅಮೆರಿಕದ ಅಧ್ಯಯನದಲ್ಲಿ, ಜೋಡಿಯ ಒಂದು ಮರಿಗೆ ಮತ್ತೊಂದಕ್ಕಿಂತ ಶೇ. 25ರಷ್ಟು ಕಡಿಮೆ ಆಹಾರ ನೀಡಲಾಯಿತು. ಕಡಿಮೆ ತಿಂದ ನಾಯಿಗಳಲ್ಲಿ ಸೊಂಟದ ಕೀಲಿನ ದೋಷವು ಕಡಿಮೆಯಿತ್ತು. 2002ರಲ್ಲಿ ಪ್ರಕಟವಾದ ವರದಿಯಂತೆ ಅವುಗಳ ಮಧ್ಯಮ ಆಯಸ್ಸು 13.0 ವರ್ಷಗಳಾಗಿದ್ದು, ಉಳಿದವುಗಳದು 11.2 ವರ್ಷಗಳಾಗಿತ್ತು.

(ಆ) ಅಧಿಕ ಕ್ಯಾಲ್ಸಿಯಂ: ಎಳೆಯ ಮರಿಗಳ ಕರುಳು ಹೆಚ್ಚುವರಿ ಕ್ಯಾಲ್ಸಿಯಂ ಹೀರುವುದನ್ನು ಸಮರ್ಪಕವಾಗಿ ತಡೆಯಲಾರದು. 1985ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇ. 3.3ರಷ್ಟು ಕ್ಯಾಲ್ಸಿಯಂ ಇರುವ ಆಹಾರ ಸೇವಿಸಿದ ಗ್ರೇಟ್ ಡೇನ್ ಮರಿಗಳಲ್ಲಿ ಮೂಳೆ ಹಾಗೂ ಮೃದ್ವಸ್ಥಿಯ ಬೆಳವಣಿಗೆ ಕುಂಠಿತಗೊಂಡಿತ್ತು.

5. ಪೊಟ್ಟಣದ ಮೇಲಿನ ವಿವರವನ್ನು ಓದುವ ಕ್ರಮ

ಅಮೆರಿಕದ ಪಶು ಆಹಾರ ನಿಯಂತ್ರಣ ಅಧಿಕಾರಿಗಳ ಸಂಘದ ಮಾನದಂಡದಂತೆ, ಬೆಳೆದಾಗ ಸುಮಾರು 32 ಕಿ.ಗ್ರಾಂ. ಅಥವಾ ಹೆಚ್ಚು ತೂಗುವ ನಾಯಿಗಳ ಮರಿಗಳ ಆಹಾರದಲ್ಲಿ, ತೇವಾಂಶವನ್ನು ಕಳೆದ ಒಣ ಪದಾರ್ಥದ ಲೆಕ್ಕದಲ್ಲಿ, ಪ್ರೋಟೀನ್ ಕನಿಷ್ಠ ಶೇ. 22.5 ಇರತಕ್ಕದ್ದು, ಕ್ಯಾಲ್ಸಿಯಂ ಶೇ. 1.8ನ್ನು ಮೀರತಕ್ಕದ್ದಲ್ಲ. ಪೊಟ್ಟಣದ ಮೇಲಿನ ಪ್ರಮಾಣವನ್ನು, ತೇವಾಂಶವನ್ನು 100ರಿಂದ ಕಳೆದ ಶೇಷದಿಂದ ಭಾಗಿಸಿ 100ರಿಂದ ಗುಣಿಸಬೇಕು. ಉದಾಹರಣೆಗೆ, ತೇವಾಂಶ ಶೇ. 10, ಕ್ಯಾಲ್ಸಿಯಂ ಶೇ. 1.35 ಎಂದಿದ್ದಲ್ಲಿ: 1.35 ÷ 90 × 100 = ಶೇ. 1.5.

6. ಸಾಕುವವರು ಅನುಸರಿಸಬೇಕಾದ ಕ್ರಮಗಳು

- ದಿನದ ಆಹಾರವನ್ನು ತೂಕ ಮಾಡಿ, ಹಲವು ಸಲ ಹಂಚಿ ನೀಡುವುದು. ತಟ್ಟೆಯಲ್ಲಿ ಸದಾ ಆಹಾರ ಇರಿಸಕೂಡದು.
- ಮರಿಯನ್ನು ಎರಡು ವಾರಗಳಿಗೊಮ್ಮೆ ತೂಗುವುದು. ಪಕ್ಕೆಲುಬುಗಳು ಕೈಗೆ ಸುಲಭವಾಗಿ ತಗಲುವಂತಿದ್ದು, ಮೇಲಿನಿಂದ ನೋಡಿದಾಗ ಸೊಂಟವು ಕಾಣುವಂತಿರಬೇಕು.
- ಸಮತೋಲಿತ ಸಿದ್ಧ ಆಹಾರ ನೀಡುತ್ತಿದ್ದಲ್ಲಿ ಕ್ಯಾಲ್ಸಿಯಂ ಸಿರಪ್, ಮಾತ್ರೆ ಅಥವಾ ಮೂಳೆಯ ಪುಡಿಯನ್ನು ಸೇರಿಸಕೂಡದು.
- ಅನ್ನ ಮತ್ತು ಮೂಳೆರಹಿತ ಮಾಂಸವನ್ನಷ್ಟೇ ನೀಡುತ್ತಿದ್ದಲ್ಲಿ ಕ್ಯಾಲ್ಸಿಯಂ ಕೊರತೆಯಾಗುತ್ತದೆ. ಇದರಿಂದಲೂ ಮೂಳೆಗಳು ದುರ್ಬಲವಾಗುವುದರಿಂದ, ಸೇರಿಸಬೇಕಾದ ಪ್ರಮಾಣವನ್ನು ಪಶುವೈದ್ಯರಿಂದ ನಿಗದಿಪಡಿಸಿಕೊಳ್ಳತಕ್ಕದ್ದು.

7. ವೈದ್ಯರನ್ನು ಯಾವಾಗ ಕಾಣಬೇಕು?

ಮರಿಯು ಕುಂಟುವುದು, ಏಳಲು ಹಿಂಜರಿಯುವುದು, ಮುಂಗಾಲು ಬಾಗುವುದು ಅಥವಾ ಕೀಲು ಮುಟ್ಟಿದಾಗ ನೋವಿನಿಂದ ಕೂಗುವುದು ಕಂಡುಬಂದಲ್ಲಿ ವಿಳಂಬ ಮಾಡದೆ ಸಮೀಪದ ಪಶು ಆಸ್ಪತ್ರೆಗೆ ಕರೆತರುವುದು. ಆಗ ಮರಿಯ ಜನ್ಮದಿನಾಂಕ, ತೂಕದ ವಿವರ ಹಾಗೂ ನೀಡುತ್ತಿರುವ ಆಹಾರ ಮತ್ತು ಔಷಧಿಗಳ ಪೊಟ್ಟಣಗಳನ್ನು ಜೊತೆಗೆ ತಂದಲ್ಲಿ ತಪಾಸಣೆಗೆ ಅನುಕೂಲವಾಗುತ್ತದೆ.