ಮಿಶ್ರ ಜ್ವರಸೋಂಕಿನ ಪತ್ತೆ
ಜ್ವರಪೀಡಿತ ರೋಗಿಯಲ್ಲಿ ಡೆಂಗಿ, ಮಲೇರಿಯಾ, ಇಲಿಜ್ವರ, ಸ್ಕ್ರಬ್ ಟೈಫಸ್, ಟೈಫಾಯ್ಡ್‌ಗಳ ಪೈಕಿ ಎರಡು ಅಥವಾ ಹೆಚ್ಚು ಸೋಂಕು ಒಟ್ಟಿಗೆ ಇದ್ದರೆ ಗುರುತಿಸುವ ಕ್ರಮ. ಉದಾಹರಣೆಗೆ, ಗೋಕಾಕ–ಮೂಡಲಗಿ ಸೀಮೆ ಕಬ್ಬಿನ ನಾಡು. ಅಲ್ಲಿ ನೀರು ನಿಂತ ಹೊಲದಲ್ಲಿ ಬರಿಗಾಲಲ್ಲಿ ದುಡಿಯುವವರಿಗೆ ಇಲಿಜ್ವರದ ಅಪಾಯ. ಮನೆಯ ನೀರಿನ ತೊಟ್ಟಿಯಲ್ಲಿ ಈಡಿಸ್ ಸೊಳ್ಳೆ ಬೆಳೆದರೆ ಅವರಿಗೇ ಡೆಂಗಿಯೂ ತಗಲಬಹುದು. ಹಾಗಾಗಿ ರೋಗಿಯ ಕೆಲಸವೇನೆಂದು ಕೇಳದ ತಪಾಸಣೆ ಅಪೂರ್ಣ.

ಡೆಂಗಿಯ ಎನ್‌ಎಸ್1 ಪ್ರತಿಜನಕ ಪರೀಕ್ಷೆ ಜ್ವರದ ಮೊದಲ 5 ದಿನ ಹೆಚ್ಚು ಉಪಯುಕ್ತ, ಐಜಿಎಂ ಪ್ರತಿಕಾಯ ಪರೀಕ್ಷೆ ಆಮೇಲಿನದು. ಕಂಕುಳು, ತೊಡೆಸಂದು, ಸೊಂಟದ ಸುತ್ತ ಬಟ್ಟೆ ಸರಿಸಿ ನೋಡಲೇಬೇಕು: ಸಿಗರೇಟಿನಿಂದ ಸುಟ್ಟಂಥ, ನೋವಿಲ್ಲದ ಕಪ್ಪು ಹಕ್ಕಳೆ ಸ್ಕ್ರಬ್ ಟೈಫಸ್‌ನ ಬಲವಾದ ಸುಳಿವು. ಎರಡು ಐಜಿಎಂ ಪಾಸಿಟಿವ್ ಬಂದ ಮಾತ್ರಕ್ಕೆ ಎರಡು ರೋಗವೆನ್ನಲಾಗದು, ಪ್ರತಿಕಾಯಗಳು ಅಡ್ಡ ಪ್ರತಿಕ್ರಿಯೆ ತೋರುತ್ತವೆ. ಆದರೆ ಡೆಂಗಿ ಖಚಿತವಾಯಿತೆಂದು ಹುಡುಕಾಟ ನಿಲ್ಲಿಸುವುದು ಅದಕ್ಕಿಂತ ದೊಡ್ಡ ತಪ್ಪು. ಏಕೆಂದರೆ ಇಲಿಜ್ವರ, ಸ್ಕ್ರಬ್ ಟೈಫಸ್ ಎರಡಕ್ಕೂ ಡಾಕ್ಸಿಸೈಕ್ಲಿನ್ ಎಂಬ ಅಗ್ಗದ ಮದ್ದಿದೆ.