ಅಮೃತಮಹಲ್ ಕಾವಲುಗಳ ವನ್ಯಜೀವಿಗಳು ಮತ್ತು ಆಕ್ರಮಣಕಾರಿ ಸಸ್ಯಗಳು

ಅಮೃತಮಹಲ್ ಕಾವಲುಗಳು ಅಮೃತಮಹಲ್ ತಳಿಯ ರಾಸುಗಳ ಮೇವಿಗಾಗಿ ಮೈಸೂರು ಸಂಸ್ಥಾನದ ಕಾಲದಿಂದ ಕಾಯ್ದಿರಿಸಲಾದ ಹುಲ್ಲುಗಾವಲುಗಳು. ಇವು ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು, ಹಾಸನ, ದಾವಣಗೆರೆ ಮೊದಲಾದ ಜಿಲ್ಲೆಗಳಲ್ಲಿ ಹರಡಿವೆ. ಚಿಕ್ಕಮಗಳೂರು ಜಿಲ್ಲೆಯ ಅಜ್ಜಂಪುರದಲ್ಲಿ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರವಿದೆ. ಅಜ್ಜಂಪುರ, ಶಿವನಿ ಮತ್ತು ಕಡೂರು ಸೀಮೆಯ ಬಯಲುಗಳು ಕಾವಲುಗಳ ಈ ಪರಂಪರೆಗೆ ಸೇರಿವೆ. ದನಗಳಿಗಾಗಿ ಉಳಿಸಿಕೊಂಡ ಈ ನೆಲವು ಕೃಷ್ಣಮೃಗ, ತೋಳ ಹಾಗೂ ಬಯಲಿನ ಹಕ್ಕಿಗಳಿಗೂ ಆಶ್ರಯವಾಯಿತು. ಹೊರದೇಶಗಳಿಂದ ಬಂದು ಹಬ್ಬಿದ ಬಳ್ಳಾರಿ ಜಾಲಿ, ಲಂಟಾನ, ಪಾರ್ಥೇನಿಯಂ ಮುಂತಾದ ಸಸ್ಯಗಳು ಇಂತಹ ಹುಲ್ಲುಗಾವಲುಗಳ ಸ್ವರೂಪವನ್ನೇ ಬದಲಿಸುತ್ತವೆ.

ಇತಿಹಾಸ

ಮೈಸೂರಿನ ಅರಸ ಚಿಕ್ಕದೇವರಾಜ ಒಡೆಯರ ಆಳ್ವಿಕೆಯಲ್ಲಿ ಅರಮನೆಯ ದನಕರುಗಳ ಪಾಲನೆಗೆ 'ಬೆಣ್ಣೆ ಚಾವಡಿ' ಎಂಬ ಇಲಾಖೆಯಿತ್ತು. ಮುಂದೆ ಟಿಪ್ಪು ಸುಲ್ತಾನನು ಇದಕ್ಕೆ 'ಅಮೃತಮಹಲ್' ಎಂಬ ಹೆಸರನ್ನಿತ್ತನು. ವೇಗ ಮತ್ತು ತಾಳಿಕೆಗೆ ಹೆಸರಾದ ಈ ಎತ್ತುಗಳು ಹೈದರಾಲಿ ಮತ್ತು ಟಿಪ್ಪುವಿನ ಸೈನ್ಯಗಳಲ್ಲಿ ಫಿರಂಗಿ ಹಾಗೂ ಸಾಮಾನು ಸರಂಜಾಮುಗಳ ಸಾಗಣೆಗೆ ಬಳಕೆಯಾದವು. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಬಳಿಕ ಹಿಂಡುಗಳು ಬ್ರಿಟಿಷರ ವಶಕ್ಕೆ ಹೋದವು. 1860ರಲ್ಲಿ ವಿಸರ್ಜಿಸಲಾದ ಇಲಾಖೆಯನ್ನು ಕೆಲವೇ ವರ್ಷಗಳಲ್ಲಿ ಪುನಃ ಸ್ಥಾಪಿಸಲಾಯಿತು. 1882ರಲ್ಲಿ ಅದು ಮೈಸೂರು ಸರ್ಕಾರಕ್ಕೆ ಹಸ್ತಾಂತರವಾಯಿತು.

ಮೇವು ಮತ್ತು ನೀರು ದೊರೆಯುವ ಕಾಲವನ್ನು ಅನುಸರಿಸಿ ಕಾವಲುಗಳನ್ನು ಬೇಸಿಗೆ, ಮಳೆಗಾಲ ಮತ್ತು ಚಳಿಗಾಲದ ಕಾವಲುಗಳೆಂದು ವಿಂಗಡಿಸಲಾಗಿತ್ತು. ಹಿಂಡುಗಳು ಋತುವಿಗೆ ತಕ್ಕಂತೆ ಒಂದರಿಂದ ಮತ್ತೊಂದಕ್ಕೆ ಸಾಗುತ್ತಿದ್ದುದರಿಂದ ಹುಲ್ಲಿಗೆ ಚೇತರಿಸಿಕೊಳ್ಳಲು ಬಿಡುವು ಸಿಗುತ್ತಿತ್ತು. ಸ್ವಾತಂತ್ರ್ಯಾನಂತರ ಕಾವಲುಗಳ ಬಹುಭಾಗವು ಸಾಗುವಳಿ, ನೆಡುತೋಪು ಮತ್ತು ಸಾರ್ವಜನಿಕ ಯೋಜನೆಗಳಿಗೆ ಹೋಗಿ ವಿಸ್ತೀರ್ಣ ಕುಗ್ಗಿತು. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ಕಾವಲುಗಳಲ್ಲಿ ಸಾವಿರಾರು ಎಕರೆ ಭೂಮಿಯನ್ನು ವೈಜ್ಞಾನಿಕ ಹಾಗೂ ರಕ್ಷಣಾ ಸಂಸ್ಥೆಗಳಿಗೆ ನೀಡಿದುದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ವಿಚಾರಣೆಗೂ ಬಂದಿತು.

ಭೌಗೋಳಿಕ ಹಿನ್ನೆಲೆ

ಶಿವನಿಯು ಅಜ್ಜಂಪುರ ತಾಲ್ಲೂಕಿನ ಹೋಬಳಿ ಕೇಂದ್ರ. ಈ ಭಾಗವು ಹಿಂದೆ ತರೀಕೆರೆ ತಾಲ್ಲೂಕಿಗೆ ಸೇರಿತ್ತು. ಪಶ್ಚಿಮದ ಬಾಬಾಬುಡನ್ ಗಿರಿಶ್ರೇಣಿಯು ಮುಂಗಾರಿನ ಮೋಡಗಳನ್ನು ತಡೆಯುವುದರಿಂದ ಅದರ ಪೂರ್ವಕ್ಕಿರುವ ಕಡೂರು ಹಾಗೂ ಅಜ್ಜಂಪುರದ ಬಯಲಿನಲ್ಲಿ ಮಳೆ ಕಡಿಮೆ. ಗಿರಿಶ್ರೇಣಿಯ ಮಗ್ಗುಲಲ್ಲೇ ಭದ್ರಾ ಹುಲಿ ಸಂರಕ್ಷಿತ ಪ್ರದೇಶದ ದಟ್ಟ ಕಾಡುಗಳಿವೆ. ಹೀಗೆ ಒಂದೇ ಜಿಲ್ಲೆಯಲ್ಲಿ ಮಲೆನಾಡಿನ ಅರಣ್ಯವೂ ಬಯಲುಸೀಮೆಯ ಹುಲ್ಲುಗಾವಲೂ ಹತ್ತಿರಹತ್ತಿರದಲ್ಲಿವೆ. ಕಡಿಮೆ ಮಳೆ, ತೆಳುವಾದ ಮಣ್ಣು ಮತ್ತು ಮೇಯುವ ಪ್ರಾಣಿಗಳಿಂದ ರೂಪುಗೊಂಡ ಹುಲ್ಲುಗಾವಲು ತನ್ನದೇ ಆದ ಜೀವಸಂಕುಲವುಳ್ಳ ಪರಿಸರ ವ್ಯವಸ್ಥೆಯಾಗಿದೆ. ಆದರೂ ಇಂತಹ ನೆಲವನ್ನು ಬಂಜರು ಭೂಮಿಯೆಂದೇ ಪರಿಗಣಿಸುವ ರೂಢಿಯಿದೆ.

ವನ್ಯಜೀವಿಗಳು

ಕಾವಲುಗಳ ಪ್ರಮುಖ ಸಸ್ಯಾಹಾರಿ ಕೃಷ್ಣಮೃಗ. ಬಯಲೇ ಇದರ ರಕ್ಷಣೆ. ದೂರದಿಂದಲೇ ಅಪಾಯವನ್ನು ಕಂಡು ವೇಗವಾಗಿ ಓಡಿ ಪಾರಾಗುವುದು ಇದರ ಸ್ವಭಾವ. ಬಲಿತ ಗಂಡಿನ ಮೈ ಕಪ್ಪು ಹಾಗೂ ಹೊಟ್ಟೆ ಬಿಳುಪು, ಕೊಂಬುಗಳು ತಿರುಚಿಕೊಂಡಿರುತ್ತವೆ. ಹೆಣ್ಣುಗಳು ಕಂದು ಬಣ್ಣದವು. ಬಯಲಿನ ಬೇಟೆಗಾರ ಪ್ರಾಣಿಗಳಲ್ಲಿ ತೋಳ ಮುಖ್ಯವಾದುದು. ನರಿ, ಮೊಲ, ನವಿಲು, ಗೌಜಲಹಕ್ಕಿ, ನೆಲಗುಬ್ಬಿಗಳೂ ಇಂತಹ ಬಯಲಿನಲ್ಲಿ ವಾಸಿಸುತ್ತವೆ. ಚಳಿಗಾಲದಲ್ಲಿ ಸೆಳೆವಗಳೆಂಬ ಬೇಟೆಹಕ್ಕಿಗಳು ಮಧ್ಯ ಏಷ್ಯಾದ ಕಡೆಯಿಂದ ವಲಸೆ ಬಂದು ಹುಲ್ಲಿನ ನಡುವೆ ನೆಲದ ಮೇಲೆಯೇ ರಾತ್ರಿ ತಂಗುತ್ತವೆ. ಬಯಲಿನ ಅಂಚಿನ ಕಲ್ಲುಗುಡ್ಡಗಳಲ್ಲಿ ಚಿರತೆ ಹಾಗೂ ಕರಡಿಗಳು ಕಂಡುಬರುತ್ತವೆ.

ಆಕ್ರಮಣಕಾರಿ ಸಸ್ಯಗಳು

ಬಳ್ಳಾರಿ ಜಾಲಿ: ಪ್ರೊಸೋಪಿಸ್ ಜೂಲಿಫ್ಲೋರಾ ಎಂಬ ಈ ಮುಳ್ಳುಮರವು ಮಧ್ಯ ಅಮೆರಿಕ, ಕೆರಿಬಿಯನ್ ಮತ್ತು ದಕ್ಷಿಣ ಅಮೆರಿಕದ ಉತ್ತರ ಭಾಗಗಳಿಗೆ ಸೇರಿದುದು. ಒಣಭೂಮಿಯಲ್ಲಿ ಹಸಿರು ಹೆಚ್ಚಿಸಲು ಮತ್ತು ಸೌದೆ ಒದಗಿಸಲು 19ನೆಯ ಶತಮಾನದ ಉತ್ತರಾರ್ಧದಲ್ಲಿ ಭಾರತಕ್ಕೆ ತರಲಾಯಿತು. ಸಿಹಿಯಾದ ಇದರ ಕಾಯಿಗಳನ್ನು ದನ, ಕುರಿ, ಮೇಕೆಗಳು ತಿನ್ನುತ್ತವೆ. ಬೀಜಗಳು ಜೀರ್ಣವಾಗದೆ ಸಗಣಿ ಮತ್ತು ಹಿಕ್ಕೆಯ ಮೂಲಕ ಹೊರಬಂದು ಮೊಳೆಯುತ್ತವೆ. ಹುಲ್ಲುಗಾವಲಿಗೆ ಮೇಯಲು ಬರುವ ಜಾನುವಾರುಗಳೇ ಹೀಗೆ ಅದನ್ನು ಮುಚ್ಚುವ ಗಿಡದ ಬೀಜವನ್ನು ಹೊತ್ತು ತರುತ್ತವೆ. ಕೃಷ್ಣಮೃಗಗಳೂ ಈ ಕಾಯಿಗಳನ್ನು ತಿಂದು ಬೀಜ ಹರಡುತ್ತವೆ.

ಲಂಟಾನ: ಅಮೆರಿಕ ಖಂಡದ ಉಷ್ಣವಲಯ ಮೂಲದ ಈ ಪೊದೆಯನ್ನು 19ನೆಯ ಶತಮಾನದ ಆರಂಭದಲ್ಲಿ ಅಲಂಕಾರಕ್ಕಾಗಿ ಕೋಲ್ಕತ್ತದ ಸಸ್ಯೋದ್ಯಾನಕ್ಕೆ ತರಲಾಯಿತು. ಹಣ್ಣು ತಿನ್ನುವ ಪಿಕಳಾರದಂತಹ ಹಕ್ಕಿಗಳಿಂದ ಬೀಜ ದೂರದೂರಕ್ಕೆ ಹರಡುತ್ತದೆ. ಎಲೆಗಳಲ್ಲಿರುವ ವಿಷಕಾರಿ ಅಂಶದಿಂದ, ಅವನ್ನು ತಿಂದ ಜಾನುವಾರುಗಳ ಯಕೃತ್ತಿಗೆ ಹಾನಿಯಾಗಿ ಚರ್ಮವು ಬಿಸಿಲಿಗೆ ಸುಡುವ ರೋಗ ಬರುತ್ತದೆ.

ಪಾರ್ಥೇನಿಯಂ: 'ಕಾಂಗ್ರೆಸ್ ಗಿಡ' ಎಂದು ಪರಿಚಿತವಾದ ಈ ಕಳೆಯು 1950ರ ದಶಕದಲ್ಲಿ ಪುಣೆಯಲ್ಲಿ ಗಮನಕ್ಕೆ ಬಂದು ಅನಂತರ ದೇಶದಾದ್ಯಂತ ಹಬ್ಬಿತು. ಒಂದೊಂದು ಗಿಡವೂ ಸಾವಿರಾರು ಬೀಜಗಳನ್ನು ಬಿಡುತ್ತದೆ. ಇದರ ಸಂಪರ್ಕದಿಂದ ಚರ್ಮದ ಉರಿಯೂತವೂ ಪರಾಗದಿಂದ ಉಸಿರಾಟದ ತೊಂದರೆಯೂ ಉಂಟಾಗಬಹುದು.

ಯುಪಟೋರಿಯಂ: ಕ್ರೊಮೊಲೀನಾ ಒಡೊರಾಟಾ ಎಂಬ ಈ ಪೊದೆಯು ಹೆಚ್ಚು ಮಳೆ ಬೀಳುವ ಮಲೆನಾಡಿನ ಕಾಡಂಚು ಹಾಗೂ ರಸ್ತೆಬದಿಗಳಲ್ಲಿ ಹೆಚ್ಚಾಗಿದೆ.

ಪರಿಣಾಮಗಳು

ಪೊದೆ ಹಬ್ಬಿದ ಕಡೆ ನೆರಳು ಹೆಚ್ಚಿ ಹುಲ್ಲು ಕ್ಷೀಣಿಸುತ್ತದೆ. ದೂರದಿಂದ ಹಸಿರಾಗಿ ಕಂಡರೂ ಮೇವಿನ ಪ್ರಮಾಣ ಇಳಿಯುತ್ತದೆ. ಕೃಷ್ಣಮೃಗವು ಮೇವನ್ನು ಮಾತ್ರವಲ್ಲದೆ ದೂರದ ಅಪಾಯವನ್ನು ಕಾಣುವ ಅನುಕೂಲವನ್ನೂ ಕಳೆದುಕೊಳ್ಳುತ್ತದೆ. ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳಿಗೆ ತೆರೆದ ಜಾಗ ಉಳಿಯುವುದಿಲ್ಲ. ಕಾವಲಿನಲ್ಲಿ ಮೇವು ಸಾಲದಾದಾಗ ಸುತ್ತಲಿನ ಹೊಲಗಳ ಮೇಲಿನ ಒತ್ತಡ ಹೆಚ್ಚುತ್ತದೆ. ಕುರಿಗಾಹಿಗಳೂ ಮೇವಿಗಾಗಿ ದೂರ ಹೋಗಬೇಕಾಗುತ್ತದೆ.

ಬಯಲಿನಲ್ಲಿ ಮರ ಬೆಳೆಸುವ ಯತ್ನಗಳಿಂದಲೂ ಇಂತಹ ಬದಲಾವಣೆಯಾಗಿದೆ. 1974ರಲ್ಲಿ ಘೋಷಿತವಾದ ಹಾವೇರಿ ಜಿಲ್ಲೆಯ ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯದ ಬಹುಭಾಗದಲ್ಲಿ ನೀಲಗಿರಿ ನೆಡುತೋಪುಗಳಿದ್ದವು. ಅಲ್ಲಿ ಹಿಂದೆ ಕಾಣುತ್ತಿದ್ದ ಎರೆಭೂತ ಹಕ್ಕಿ ಈಗ ಕಣ್ಮರೆಯಾಗಿದೆ.

ಮಾನವ–ವನ್ಯಜೀವಿ ಮುಖಾಮುಖಿ

ತೆರೆದ ಬಯಲಿನಲ್ಲಿ ಮನುಷ್ಯ ಮತ್ತು ಪ್ರಾಣಿ ಪರಸ್ಪರ ದೂರದಿಂದಲೇ ಕಂಡು ದಾರಿ ಬದಲಿಸಲು ಸಾಧ್ಯ. ಪೊದೆ ದಟ್ಟವಾದಂತೆ ಈ ಅಂತರ ಕಿರಿದಾಗಿ ಹಠಾತ್ ಮುಖಾಮುಖಿಯ ಸಂಭವ ಹೆಚ್ಚುತ್ತದೆ. ಜಾಲಿ ಹಾಗೂ ಲಂಟಾನದ ಮೆಳೆಗಳು ಚಿರತೆ, ಕರಡಿ, ಕಾಡುಹಂದಿಗಳಿಗೆ ಹಗಲಿನ ಅಡಗುದಾಣಗಳಾಗುತ್ತವೆ.

ಕರಡಿಯ ದೃಷ್ಟಿ ಮಂದವಾದುದರಿಂದ ಹತ್ತಿರದಲ್ಲಿ ಬೆಚ್ಚಿದಾಗ ಅದು ದಾಳಿ ಮಾಡಬಹುದು. ಸೌದೆಗೆ ಅಥವಾ ದನ ಮೇಯಿಸಲು ಹೋಗುವವರು ಗುಂಪಾಗಿ, ಮಾತನಾಡುತ್ತ ಸಾಗುವುದು ಸುರಕ್ಷಿತ. ಚಿರತೆ ಎದುರಾದಾಗ ಬೆನ್ನು ತೋರಿಸಿ ಓಡದೆ, ಬಗ್ಗದೆ, ನಿಧಾನವಾಗಿ ಹಿಂದೆ ಸರಿಯಬೇಕು. ತೋಳಗಳು ಕುರಿ, ಮರಿಗಳನ್ನು ಹಿಡಿಯುವುದುಂಟು. ಕುರಿಗಾಹಿಗಳು ನಾಯಿಗಳ ಕಾವಲು ಮತ್ತು ರಾತ್ರಿ ಬಲೆಯ ಹಟ್ಟಿಯಿಂದ ಮಂದೆಯನ್ನು ಕಾಯುತ್ತಾರೆ. ಕೃಷ್ಣಮೃಗದ ಮರಿ ಹುಲ್ಲಿನಲ್ಲಿ ಒಂಟಿಯಾಗಿ ಮಲಗಿದ್ದರೆ ಅದು ತಬ್ಬಲಿಯೆಂದು ಭಾವಿಸಬಾರದು. ಮೊದಲ ದಿನಗಳಲ್ಲಿ ತಾಯಿ ಮರಿಯನ್ನು ಅಡಗಿಸಿಟ್ಟು ಮೇಯಲು ಹೋಗುತ್ತದೆ. ಅದನ್ನು ಮುಟ್ಟದೆ ದೂರ ಸರಿಯುವುದು ಸೂಕ್ತ.

ನಾಗರಹಾವು, ಕೊಳಕುಮಂಡಲ ಮೊದಲಾದ ವಿಷದ ಹಾವುಗಳೂ ಈ ಭಾಗದಲ್ಲಿವೆ. ಹಾವು ಕಚ್ಚಿದಾಗ ಗಾಯವನ್ನು ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಅಪಾಯಕರ. ಕಚ್ಚಿದ ಅಂಗವನ್ನು ಅಲುಗಾಡಿಸದೆ, ಪ್ರತಿವಿಷ ಲಭ್ಯವಿರುವ ಆಸ್ಪತ್ರೆಗೆ ಕೂಡಲೇ ಕರೆದೊಯ್ಯಬೇಕು.

ನಿಯಂತ್ರಣ ಕ್ರಮಗಳು

ಲಂಟಾನ ಮತ್ತು ಬಳ್ಳಾರಿ ಜಾಲಿಗಳನ್ನು ಕೇವಲ ಕಡಿದರೆ ಬುಡದಿಂದ ಮತ್ತೆ ಚಿಗುರುತ್ತವೆ. ಲಂಟಾನವನ್ನು ಬೇರಿನ ಬುಡದಲ್ಲಿ ಕತ್ತರಿಸಿ ತಲೆಕೆಳಗಾಗಿಸಿ ಒಣಗಿಸಲಾಗುತ್ತದೆ. ತೆರವಾದ ಜಾಗದಲ್ಲಿ ಸ್ಥಳೀಯ ಹುಲ್ಲು ನೆಲೆಯೂರುವವರೆಗೆ ಹಲವು ವರ್ಷ ಸಸಿಗಳನ್ನು ಕೀಳಬೇಕಾಗುತ್ತದೆ. ಪಾರ್ಥೇನಿಯಂ ಅನ್ನು ಹೂ ಬಿಡುವ ಮುನ್ನವೇ ಕೈಗವಸು ಧರಿಸಿ ಕೀಳುವುದು ಪರಿಣಾಮಕಾರಿ. ಇದರ ಎಲೆ ತಿನ್ನುವ ಮೆಕ್ಸಿಕೊ ಮೂಲದ ಜೀರುಂಡೆಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಡುಗಡೆ ಮಾಡಲಾಯಿತು. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಲಂಟಾನದ ಕಡ್ಡಿಗಳಿಂದ ಪೀಠೋಪಕರಣ ಹಾಗೂ ಬುಟ್ಟಿಗಳನ್ನು ತಯಾರಿಸುತ್ತಾರೆ. ಬಳ್ಳಾರಿ ಜಾಲಿಯು ಸೌದೆ ಮತ್ತು ಇದ್ದಿಲಿಗೆ ಬಳಕೆಯಾಗುವುದರಿಂದ, ಅದನ್ನು ತೆಗೆಯುವಾಗ ಅವಲಂಬಿತ ಕುಟುಂಬಗಳ ಇಂಧನದ ಅಗತ್ಯವನ್ನೂ ಪರಿಗಣಿಸಬೇಕಾಗುತ್ತದೆ.

ಕಾನೂನು ರಕ್ಷಣೆ

ಕೃಷ್ಣಮೃಗ, ತೋಳ, ಚಿರತೆ ಮತ್ತು ಕರಡಿಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಒಂದನೆಯ ಅನುಸೂಚಿಯಲ್ಲಿವೆ. ಇವುಗಳ ಬೇಟೆ ಅಪರಾಧ. 2002ರ ತಿದ್ದುಪಡಿಯು ಸರ್ಕಾರಿ ಭೂಮಿಯನ್ನು ಸ್ಥಳೀಯರೊಡನೆ ಸಮಾಲೋಚಿಸಿ 'ಸಂರಕ್ಷಣಾ ಮೀಸಲು' ಎಂದು ಘೋಷಿಸಲು ಅವಕಾಶ ನೀಡಿತು. ಇದರಂತೆ ಕಡೂರು ತಾಲ್ಲೂಕಿನ ಬಾಸೂರು ಅಮೃತಮಹಲ್ ಕಾವಲನ್ನು 2011ರಲ್ಲಿ ಸಂರಕ್ಷಣಾ ಮೀಸಲು ಎಂದು ಘೋಷಿಸಲಾಯಿತು. ಇದರ ವಿಸ್ತೀರ್ಣ ಸುಮಾರು 7.36 ಚದರ ಕಿ.ಮೀ. ಇಂತಹ ಘೋಷಣೆಯು ಭೂಮಿಯ ಪರಭಾರೆಯನ್ನು ತಡೆಯಲು ನೆರವಾಗುತ್ತದೆ. ಹುಲ್ಲನ್ನು ಹುಲ್ಲಾಗಿಯೇ ಉಳಿಸಲು ಮಾತ್ರ ಮೇಯಿಸುವಿಕೆಯ ಕ್ರಮ ಮತ್ತು ಪೊದೆಗಳ ನಿರಂತರ ನಿರ್ವಹಣೆ ಅಗತ್ಯ.

ಇವನ್ನೂ ನೋಡಿ

ಅಮೃತಮಹಲ್ ತಳಿ
ಕೃಷ್ಣಮೃಗ
ಭದ್ರಾ ವನ್ಯಜೀವಿ ಅಭಯಾರಣ್ಯ
ಅಜ್ಜಂಪುರ
ಪಾರ್ಥೇನಿಯಂ